ಅಡಿಕೆ ಸಿಪ್ಪೆಗೆ ಬೆಂಕಿ ಯಾಕೆ, ಬ್ಯಾಕ್ಟೀರಿಯಾ ಇದೆಯಲ್ಲ!

ಅಡಿಕೆ ಕೊಯ್ಲಿನ ಸಮಯದಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ಸಲ್ಲಿ ಹೋದವರಿಗೆ ಗೊತ್ತಿರುತ್ತೆ: ರಸ್ತೆ ಪಕ್ಕ ಸಿಪ್ಪೆಯ ರಾಶಿ, ರಾಶಿಯಿಂದ ಹೊಗೆ. "ಅದು ಬೇಗ ಕೊಳೆಯಲ್ಲ ಮಾರಾಯ, ಸುಡೋದೇ ದಾರಿ" ಅನ್ನೋದು ಊರಿನ ವಾದ. ನನಗೆ ಇದು ಒಪ್ಪಿಗೆಯಿಲ್ಲ. ಕೊಳೆಸುವ ಜೀವಿಗಳಿಗೆ ನಾವು ಅವಕಾಶವನ್ನೇ ಕೊಡ್ತಿಲ್ಲ.

ಸಿಪ್ಪೆಯ ನಾರಿನಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಹೆಣೆದುಕೊಂಡಿವೆ. ಸೆಲ್ಯುಲೋಸ್ ಅಂದ್ರೆ ಗ್ಲೂಕೋಸಿನ ಉದ್ದ ಸರಪಳಿ. ಅನ್ನದ ಪಿಷ್ಟವೂ ಗ್ಲೂಕೋಸೇ; ಆದರೆ ಅಲ್ಲಿ ಕೊಂಡಿ ಆಲ್ಫಾ, ಇಲ್ಲಿ ಬೀಟಾ. ಅಷ್ಟಕ್ಕೇ ನಮ್ಮ ಜೀರ್ಣರಸ ಸೋಲುತ್ತೆ. ಸೆಲ್ಯುಲೋಸ್ ತಿನ್ನೋ ಬ್ಯಾಕ್ಟೀರಿಯಾಗಳು ಇದನ್ನು ಹಂಚಿಕೊಂಡು ಮಾಡೋ ಕೆಲಸವನ್ನಾಗಿಸಿವೆ. ಎಂಡೋಗ್ಲೂಕನೇಸ್ ಕಿಣ್ವ ಸರಪಳಿಯನ್ನು ನಡುವೆ ಕತ್ತರಿಸುತ್ತೆ. ಎಕ್ಸೋಗ್ಲೂಕನೇಸ್ ತುದಿಯಿಂದ ಎರಡೆರಡು ಗ್ಲೂಕೋಸಿನ ಜೋಡಿ, ಅಂದ್ರೆ ಸೆಲ್ಲೋಬಯೋಸ್, ಬಿಡಿಸುತ್ತೆ. ಬೀಟಾ ಗ್ಲುಕೋಸಿಡೇಸ್ ಆ ಜೋಡಿಯನ್ನೂ ಒಡೆಯುತ್ತೆ.

60 ಡಿಗ್ರಿ ಬಿಸಿಯಲ್ಲಿ ಬದುಕೋ ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಂ ಇನ್ನೂ ಜಾಣ. ಕಿಣ್ವಗಳನ್ನೆಲ್ಲ ಒಂದೇ ಚೌಕಟ್ಟಿಗೆ ಜೋಡಿಸಿಕೊಂಡಿದೆ. 1983ರಲ್ಲಿ ಪತ್ತೆಯಾದ ಈ ಯಂತ್ರದ ಹೆಸರು ಸೆಲ್ಯುಲೋಸೋಮ್. ಸೆಲ್ಲೋಬಯೋಸನ್ನು ಒಳಗೆಳೆದುಕೊಂಡು, ನೀರಿನ ಬದಲು ಫಾಸ್ಫೇಟ್ ಬಳಸಿ ಒಡೆದು, ಎಟಿಪಿಯನ್ನೂ ಉಳಿಸುತ್ತೆ. ಆಮೇಲೆ ಗ್ಲೈಕಾಲಿಸಿಸ್, ಕೊನೆಗೆ ಅಸಿಟಿಕ್ ಆಮ್ಲ, ಎಥೆನಾಲ್, ಹೈಡ್ರೋಜನ್.

ಹಾಗಾದ್ರೆ ರಸ್ತೆ ಬದಿಯ ರಾಶಿ ಯಾಕೆ ಹಾಗೇ ಇರುತ್ತೆ? ಲಿಗ್ನಿನ್ ದಾರಿ ಮುಚ್ಚಿರುತ್ತೆ, ತೇವ ಸಾಲಲ್ಲ, ಸಾರಜನಕ ತೀರಾ ಕಮ್ಮಿ. ಕಾಂಪೋಸ್ಟಿಗೆ ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲ ಇದ್ದರೆ ಚೆನ್ನ. ಸಗಣಿ ಬಗ್ಗಡ ಹಾಕಿದ್ರೆ ಸಾರಜನಕವೂ ಬಂತು, ಬ್ಯಾಕ್ಟೀರಿಯಾವೂ ಬಂತು. ಸಿಪ್ಪೆ ಸಣ್ಣದಾಗಿ ಕತ್ತರಿಸಿದ್ರೆ ಕಿಣ್ವಕ್ಕೆ ಜಾಗ ಸಿಗುತ್ತೆ. ಲಿಗ್ನಿನ್ ಕೆಲಸ ಬಿಳಿ ಕೊಳೆ ಶಿಲೀಂಧ್ರಗಳದ್ದು.

ರೈತರ ಮಾತಲ್ಲೂ ನ್ಯಾಯವಿದೆ. ಕೊಯ್ಲಿನ ಹೊತ್ತಲ್ಲಿ ಆಳು ಸಿಗಲ್ಲ, ಕಾಂಪೋಸ್ಟಿಗೆ ತಿಂಗಳುಗಟ್ಟಲೆ ಬೇಕು, ಬೆಂಕಿಗೆ ಒಂದು ಕಡ್ಡಿ ಸಾಕು. ಅವರಿಗೆ ಉಪದೇಶ ಮಾಡಿ ಪ್ರಯೋಜನ ಇಲ್ಲ. ಬೇಕಿರೋದು ಮೆಕ್ಯಾನಿಕಲ್‌ನವರು ಮಾಡೋ ಅಗ್ಗದ ಕತ್ತರಿಸುವ ಯಂತ್ರ, ಎಲೆಕ್ಟ್ರಾನಿಕ್ಸ್‌ನವರ ತೇವ–ತಾಪ ಸೆನ್ಸರ್, ಬಯೋಟೆಕ್‌ನವರ ಒಳ್ಳೆ ಜೀವಾಣು ಮಿಶ್ರಣ. ಅದೇ ಹಳೇ ಲೈನ್ ಫಾಲೋವರ್ ರೋಬೋಟ್ ಮತ್ತೆ ಮಾಡೋ ಬದಲು ಈ ಸಲದ ಫೈನಲ್ ಇಯರ್ ಪ್ರಾಜೆಕ್ಟಿಗೆ ಒಂದು ಮೂಟೆ ಸಿಪ್ಪೆ ತನ್ನಿ. ಫ್ರೀಯಾಗೇ ಕೊಡ್ತಾರೆ.