ಪ್ರಯೋಗಾಲಯಕ್ಕೆಲ್ಲ ಒಂದೇ ಲಾಗಿನ್ ಬೇಡ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಹುಣಸೂರು ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಪಾಠ ವೀಕ್ಷಣೆಗೆ ಹೋಗಿದ್ದೆ. ಒಂಬತ್ತನೇ ತರಗತಿ, ಘಟಕ, ಕಾರ್ಯಾಚರಣ ವ್ಯವಸ್ಥೆ. ಕಂಪ್ಯೂಟರಿನಲ್ಲಿ ಓಡುತ್ತಿರುವ ಪ್ರತಿ ಪ್ರೊಸೆಸ್‌ಗೂ ಒಬ್ಬ ಒಡೆಯನಿರುತ್ತಾನೆ, ಅವನು ಯಾರೆಂದು ನಾವೇ ಕೋಡ್ ಬರೆದು ತಿಳಿಯಬಹುದು ಎಂಬುದು ಅಂದಿನ ಪಾಠ. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಅದಕ್ಕೆ ಸಹಿ ಹಾಕಿದವನು ನಾನೇ.

ನಮ್ಮ ಪ್ರಶಿಕ್ಷಣಾರ್ಥಿ ಬರೆಸಿದ ಪೈಥಾನ್ ಕೋಡ್ ನಾಲ್ಕೇ ಸಾಲಿನದು. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರೋಕ್ ಎಂಬ ಫೋಲ್ಡರ್ ಇದೆ. ಒಂದು ಪ್ರೊಸೆಸ್ ಶುರುವಾದೊಡನೆ ಅದರ ಸಂಖ್ಯೆಯೇ ಹೆಸರಾಗಿ ಅಲ್ಲೊಂದು ಫೋಲ್ಡರ್ ಹುಟ್ಟುತ್ತದೆ, ಪ್ರೊಸೆಸ್ ಮುಗಿದರೆ ಮಾಯವಾಗುತ್ತದೆ. ಓಎಸ್ ಮಾಡ್ಯೂಲಿನ ಸ್ಟ್ಯಾಟ್‌ಗೆ ಆ ಫೋಲ್ಡರ್ ತೋರಿಸಿದರೆ ಒಡೆಯನ ಯುಐಡಿ ಎಂಬ ಅಂಕಿ ಸಿಗುತ್ತದೆ; ಪಿಡಬ್ಲ್ಯುಡಿ ಮಾಡ್ಯೂಲ್ ಆ ಅಂಕಿಯನ್ನು ಹೆಸರಾಗಿಸುತ್ತದೆ. (ಪಿಡಬ್ಲ್ಯುಡಿ ಎಂದೊಡನೆ ಹುಡುಗರು ರಸ್ತೆ ಇಲಾಖೆ ಎಂದು ನಕ್ಕರು. ನಗಲಿ ಬಿಡಿ, ಹೆಸರಾದರೂ ನೆನಪಿರುತ್ತದೆ.) ರೂಟ್‌ನ ಅಂಕಿ 0. ಉಬುಂಟು ಹಾಕುವಾಗ ಮಾಡಿದ ಮೊದಲ ಬಳಕೆದಾರನದು 1000.

ಅಂದು ಕಂಪ್ಯೂಟರ್ ತೆವಳುತ್ತಿತ್ತು. ಒಂದೇ ಯಂತ್ರಕ್ಕೆ ನಾಲ್ಕು ಮಾನಿಟರ್ ಜೋಡಿಸಿದ ಏರ್ಪಾಟು. ಒಬ್ಬರು ಭಾರದ್ದೇನಾದರೂ ಓಡಿಸಿದರೆ ನಾಲ್ವರಿಗೂ ಕಷ್ಟ. ಹುಡುಕಿದಾಗ ಒಂದು ಆಟ ಓಡುತ್ತಿರುವುದು ಗೊತ್ತಾಯಿತು. ಒಡೆಯ ಯಾರು? ಕೋಡ್ ಕೊಟ್ಟ ಉತ್ತರ ‘ಸ್ಟೂಡೆಂಟ್’. ಪಕ್ಕದವನ ಪ್ರೊಸೆಸ್ ಕೇಳಿದರೂ ‘ಸ್ಟೂಡೆಂಟ್’. ಶಾಲೆಯಲ್ಲಿದ್ದುದೇ ಅದೊಂದು ಲಾಗಿನ್. ಆಟದ ಕಿಟಕಿ ಸಿಕ್ಕಿದ್ದು ಕೊನೆಯ ಮಾನಿಟರಿನಲ್ಲಿ. ಅಲ್ಲಿ ಕೂತಿದ್ದ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಲಾಯಿತು.

“ನಾನಲ್ಲ ಮಿಸ್, ನಾನು ಬರೋಕೆ ಮುಂಚೇನೇ ಇತ್ತು.”

“ಕಂಪ್ಯೂಟರ್ ಸುಳ್ಳು ಹೇಳುತ್ತಾ?”

ಗಂಟೆ ಹೊಡೆಯುವವರೆಗೂ ಅವಳು ನಿಂತೇ ಇದ್ದಳು. ಪಾಠದ ನಡುವೆ ಪ್ರಶಿಕ್ಷಣಾರ್ಥಿಯನ್ನು ತಡೆಯಬಾರದೆಂಬ ಪದ್ಧತಿಗೆ ಕಟ್ಟುಬಿದ್ದು ನಾನೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದೆ. ತಡೆಯಬೇಕಿತ್ತು. ಆಮೇಲೆ ಇಬ್ಬರೂ ಸೇರಿ ಪಿಎಸ್ ಆಜ್ಞೆಯಲ್ಲಿ ಆ ಪ್ರೊಸೆಸ್ ಆರಂಭವಾದ ಸಮಯ ಕೇಳಿದೆವು: 10.42. ಈ ತರಗತಿ ಒಳಗೆ ಬಂದಿದ್ದು 11.20ಕ್ಕೆ. ಹಿಂದಿನ ಅವಧಿಯವರು ಲಾಗ್‌ಔಟ್ ಮಾಡದೆ ಎದ್ದುಹೋಗಿದ್ದರು. ಪ್ರಶಿಕ್ಷಣಾರ್ಥಿ ಮರುದಿನ ತರಗತಿಯ ಮುಂದೆಯೇ ಆ ಹುಡುಗಿಯ ಕ್ಷಮೆ ಕೇಳಿದರು. ನಾನು ಕೇಳಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋಡ್ ತಪ್ಪು ಹೇಳಿರಲಿಲ್ಲ. ಅದು ಹೇಳಿದ್ದು ಖಾತೆಯ ಹೆಸರು, ನಾವು ಕೇಳಿಸಿಕೊಂಡದ್ದು ಮಗುವಿನ ಹೆಸರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ, ಕೆ.ಆರ್.ನಗರದ ಕಡೆಯ ಮಕ್ಕಳಿಗೆ ಈ ವ್ಯತ್ಯಾಸ ತಿಳಿಸುವುದು ಸುಲಭ. ಹರಾಜು ಮಾರುಕಟ್ಟೆಗೆ ಹೋಗುವ ತಂಬಾಕಿನ ಬೇಲು ಲೈಸೆನ್ಸ್ ಇದ್ದವರ ಹೆಸರಿನಲ್ಲಿ ಹೋಗುತ್ತದೆ. ಲೈಸೆನ್ಸ್ ತಾತನದ್ದಿರಬಹುದು, ಸೊಪ್ಪು ಮುರಿದು ಬ್ಯಾರನ್‌ನಲ್ಲಿ ಹದ ಮಾಡಿದವರು ಅಪ್ಪ, ಅಮ್ಮ, ಚಿಕ್ಕಪ್ಪ. ದಾಖಲೆಯಲ್ಲಿ ಬರುವುದು ತಾತನ ಹೆಸರೊಂದೇ.

ಲಿನಕ್ಸ್ ಕೂಡ ಇದನ್ನು ಬಲ್ಲದು. ಪ್ರೋಕ್‌ನಲ್ಲಿರುವ ಪ್ರೊಸೆಸ್‌ನ ಫೋಲ್ಡರಿನಲ್ಲಿ ಸ್ಟೇಟಸ್ ಎಂಬ ಕಡತವಿದೆ. ಅದರ ಯುಐಡಿ ಸಾಲಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲನೆಯದು ಪ್ರೊಸೆಸ್ ಶುರುಮಾಡಿದವನದು, ಎರಡನೆಯದು ಯಾರ ಅಧಿಕಾರದಲ್ಲಿ ಅದು ಓಡುತ್ತಿದೆಯೋ ಅವನದು. ಸಾಮಾನ್ಯವಾಗಿ ಎರಡೂ ಒಂದೇ. ಪಾಸ್‌ವರ್ಡ್ ಬದಲಿಸುವ ಆಜ್ಞೆ ಕೊಟ್ಟು, ಅದು ಹಳೆಯ ಪಾಸ್‌ವರ್ಡ್ ಕೇಳುತ್ತ ಕಾಯುವಾಗ ಬೇರೊಂದು ಟರ್ಮಿನಲ್ಲಿನಿಂದ ನೋಡಿ: ಮೊದಲಿಗೆ 1000, ಆಮೇಲೆ 0. ಕೊಟ್ಟವನು ವಿದ್ಯಾರ್ಥಿ, ನಡೆಯುವುದು ರೂಟ್‌ನ ಅಧಿಕಾರದಲ್ಲಿ. ಈ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಚಟುವಟಿಕೆ ನನಗೆ ಕಂಡಿಲ್ಲ.

ಆದ್ದರಿಂದ ನನ್ನ ಒತ್ತಾಯ: ಮಕ್ಕಳಿಗೆ ಬೇರೆ ಬೇರೆ ಖಾತೆ ಮಾಡಿಕೊಡದೆ ಈ ಪಾಠ ಮಾಡಬೇಡಿ. ನಲವತ್ತು ಮಕ್ಕಳು ಪಾಸ್‌ವರ್ಡ್ ಮರೆಯುತ್ತಾರೆ ಎಂದು ಶಾಲೆಯವರು ಹೇಳುತ್ತಾರೆ, ಮರೆಯುತ್ತಾರೆ ನಿಜ. ಆಡ್ಮಿನ್ ಖಾತೆ ಶಿಕ್ಷಕರ ಕೈಯಲ್ಲಿದ್ದರೆ ಹೊಸದು ಹಾಕಿಕೊಡಲು ಅರ್ಧ ನಿಮಿಷ ಸಾಕು. ಬಳಕೆದಾರರ ಹೆಸರಿಗೆ ಹಾಜರಿ ಪುಸ್ತಕದ ಸಂಖ್ಯೆಯೇ ಆಯಿತು. ಲಾಭ ಹೆಸರಿನದಷ್ಟೇ ಅಲ್ಲ. ಒಂದೇ ಲಾಗಿನ್ ಇದ್ದರೆ ಯಾವ ಮಗುವಾದರೂ ಇನ್ನೊಂದು ಮಗುವಿನ ಪ್ರೊಸೆಸನ್ನು ಕಿಲ್ ಆಜ್ಞೆಯಿಂದ ನಿಲ್ಲಿಸಬಹುದು, ಕೆಲಸ ಉಳಿಸಿರದಿದ್ದರೆ ಅಷ್ಟೂ ಹೋಯಿತು. ಖಾತೆ ಬೇರೆಯಾದರೆ ವ್ಯವಸ್ಥೆಯೇ ಅನುಮತಿ ಇಲ್ಲವೆಂದು ತಡೆಯುತ್ತದೆ. ಒಡೆತನ ಯಾತಕ್ಕೆ ಬೇಕು ಎಂಬ ಪ್ರಶ್ನೆಗೆ ಮಕ್ಕಳು ಆಗ ತಾವೇ ಉತ್ತರಿಸುತ್ತಾರೆ.

ಖಾತೆ ಬೇರೆ ಮಾಡಿದ ಮೇಲೂ ಲಾಗ್‌ಔಟ್ ಮಾಡದೆ ಎದ್ದವರ ಜಾಗದಲ್ಲಿ ಮತ್ತೊಬ್ಬರು ಕೂರಬಹುದು. ನಮ್ಮ ವೀಕ್ಷಣಾ ನಮೂನೆಯಲ್ಲಿ ಕರಿಹಲಗೆ ಬಳಕೆಗೂ ಅಂಕವಿದೆ. ಪ್ರಯೋಗಾಲಯದ ಪಾಠಗಳಿಗೆ ಇನ್ನೊಂದು ಸಾಲು ಸೇರಲಿ: ಪಾಠಕ್ಕೆ ಮುನ್ನ ಹಿಂದಿನವರ ಲಾಗಿನ್ ಮುಚ್ಚಿದೆಯೇ ಎಂದು ಪ್ರಶಿಕ್ಷಣಾರ್ಥಿ ನೋಡಿದರೇ, ಇಲ್ಲವೇ?