ಮನೆಮಾತಿಗೆ ಬಾಗಿಲು ಮುಚ್ಚುವ ಮುನ್ನ

ಮಾತು ತಡವಾದ, ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಚಿಕಿತ್ಸೆಗೆ ಕರೆದೊಯ್ಯುವ ಕನ್ನಡ ಕುಟುಂಬಗಳಿಂದ ಮೈಲಾಪುರದಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಸಲಹೆಯೊಂದಿದೆ: "ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ. ಒಂದೇ ಭಾಷೆ ಸಾಕು, ಅದು ಇಂಗ್ಲಿಷ್ ಆಗಿರಲಿ." ಸದುದ್ದೇಶದಿಂದಲೇ ಕೊಡುವ ಈ ಸಲಹೆ ತಪ್ಪು ಎಂಬುದು ನನ್ನ ಅಭಿಪ್ರಾಯ. ಹೊರನಾಡಿನಲ್ಲಿರುವ ನಾವು ಅದನ್ನು ಪ್ರಶ್ನಿಸದೆ ಒಪ್ಪಿಕೊಳ್ಳಬಾರದು.

ಸಲಹೆಯ ಹಿಂದಿನ ತರ್ಕ ಸರಳವಾದುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಒಂದನ್ನೇ ಹೊರಲಾರದ ಮಗುವಿನ ಮೇಲೆ ಮೂರರ ಭಾರವೇಕೆ? ಕೇಳಲು ಸರಿಯೆನಿಸುವ ಈ ಮಾತನ್ನು ಅಧ್ಯಯನಗಳು ಸಮರ್ಥಿಸುವುದಿಲ್ಲ. ಕೆನಡಾದಲ್ಲಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ ಡೌನ್ ಸಿಂಡ್ರೋಮ್ ಮಕ್ಕಳ ಇಂಗ್ಲಿಷ್, ಒಂದೇ ಭಾಷೆಯಲ್ಲಿ ಬೆಳೆದ ಅಂಥದೇ ಮಕ್ಕಳ ಇಂಗ್ಲಿಷಿಗಿಂತ ಹಿಂದುಳಿದಿರಲಿಲ್ಲ. ಆಟಿಸಂ ಇರುವ ಮಕ್ಕಳ ಕುರಿತು ಹ್ಯಾಂಬ್ಲಿ ಮತ್ತು ಫೋಂಬೋನ್ 2012ರಲ್ಲಿ ಇದೇ ಬಗೆಯ ತೀರ್ಮಾನಕ್ಕೆ ಬಂದರು: ಎರಡನೆಯ ಭಾಷೆಯಿಂದ ಹೆಚ್ಚಿನ ವಿಳಂಬವೇನೂ ಕಾಣಲಿಲ್ಲ. ತೊಡಕಿನ ಮೂಲ ಮಗುವಿನ ಬೆಳವಣಿಗೆಯಲ್ಲಿದೆ, ಅಮ್ಮನ ಭಾಷೆಯಲ್ಲಿಲ್ಲ.

ಇನ್ನು ಕನ್ನಡವನ್ನು ತೆಗೆದುಹಾಕಿದಾಗ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡೋಣ. "ಕಮ್, ಸಿಟ್, ಈಟ್, ನೋ" ಎಂಬ ನಾಲ್ಕು ಆಜ್ಞೆಗಳು ಉಳಿಯುತ್ತವೆ. ಊಟ ಮಾಡಿಸುವಾಗಿನ ಕಥೆ, ಸ್ನಾನದ ಹೊತ್ತಿನ ಹಾಡು, ಸುಮ್ಮನೆ ಛೇಡಿಸುವ ಮಾತು, ಇವೆಲ್ಲ ಮಾಯವಾಗುತ್ತವೆ. ನಾನು ಓದಿದ್ದು ಇಂಗ್ಲಿಷ್ ಎಂ.ಎ., ಕಚೇರಿಯ ಕಡತಗಳಿಗೆ ದಿನವಿಡೀ ಟಿಪ್ಪಣಿ ಬರೆಯುವುದೂ ಇಂಗ್ಲಿಷಿನಲ್ಲೇ. ಆದರೂ ಹಟ ಹಿಡಿದ ಮಗುವನ್ನು ರಮಿಸಲು ಆ ಭಾಷೆ ನನ್ನ ನೆರವಿಗೆ ಬರುವುದಿಲ್ಲ. ನನ್ನ ಪಾಡೇ ಹೀಗಾದರೆ ಊರಿನಿಂದ ಬಂದ ಅಜ್ಜಿಯ ಪಾಡೇನು? ಮಗುವಿನ ಜೊತೆ ಅತಿ ಹೆಚ್ಚು ಹೊತ್ತು ಕಳೆಯುವ, ಅತಿ ಹೆಚ್ಚು ತಾಳ್ಮೆಯಿರುವ ಜೀವವೇ ಮೂಕವಾಗುತ್ತದೆ. ಚಿಕಿತ್ಸಾ ಕೊಠಡಿಯ ಮುಕ್ಕಾಲು ಗಂಟೆಯ ಅಭ್ಯಾಸ ಮನೆಯಲ್ಲಿ ಮುಂದುವರಿದರೆ ಮಾತ್ರ ಫಲ ಕೊಡುತ್ತದೆ. ಅದನ್ನು ಮುಂದುವರಿಸಬೇಕಾದವರ ನಾಲಿಗೆಯನ್ನೇ ಕಟ್ಟಿದರೆ ಗತಿಯೇನು?

"ಚಿಕಿತ್ಸಕರಿಗೆ ಕನ್ನಡ ಬರುವುದಿಲ್ಲವಲ್ಲ" ಎಂಬ ಆಕ್ಷೇಪವಿದೆ. ಬರಬೇಕಾಗಿಯೂ ಇಲ್ಲ. ಈ ವಾರ ಮಗು "ಬೇಕು, ಬೇಡ" ಎಂಬುದನ್ನು ಮಾತಿನಲ್ಲೋ ಸನ್ನೆಯಲ್ಲೋ ಚಿತ್ರ ತೋರಿಸಿಯೋ ತಿಳಿಸಲು ಕಲಿಯಬೇಕು ಎಂದು ಗುರಿ ಹಾಕಿಕೊಟ್ಟರೆ ಸಾಕು, ಅದನ್ನು ಮನೆಯವರು ಕನ್ನಡದಲ್ಲಿ ಮಾಡಿಸಬಲ್ಲರು. ಚೆನ್ನೈನಲ್ಲಿ ನಮಗೊಂದು ಅನುಕೂಲವೂ ಉಂಟು. ನಮ್ಮ "ಹಾಲು ಬೇಕು" ಇಲ್ಲಿನ "ಪಾಲ್ ವೇಣುಂ"ಗೆ ಎಷ್ಟು ಹತ್ತಿರ! ಪದಗಳ ಕ್ರಮವೂ ಒಂದೇ, ಹಕಾರ-ಪಕಾರಗಳ ನಂಟೂ ಹಳೆಯದು. ಇಂಗ್ಲಿಷಿನಲ್ಲಾದರೋ ವಾಕ್ಯವೇ ತಿರುವುಮುರುವು. ಕನ್ನಡದಿಂದ ತಮಿಳಿಗೆ ಒಂದೇ ಮೆಟ್ಟಿಲು. ಆ ಮೆಟ್ಟಿಲನ್ನು ಕಿತ್ತುಹಾಕಿ ಮಗುವನ್ನು ಮಾಳಿಗೆಗೆ ಹಾರೆನ್ನುವುದು ನ್ಯಾಯವಲ್ಲ.

ಪರೀಕ್ಷೆಯ ವಿಚಾರವೂ ಗಂಭೀರವಾದುದು. ಬೆಕ್ಕನ್ನು "ಬೆಕ್ಕು" ಎಂದು ಗುರುತಿಸುವ ಮಗು ಇಂಗ್ಲಿಷಿನ ಪ್ರಶ್ನೆಗೆ ಸುಮ್ಮನಿದ್ದರೆ ಕಾಗದದ ಮೇಲೆ ಅದಕ್ಕೆ ಸೊನ್ನೆ. ಆ ಸೊನ್ನೆಯ ಆಧಾರದ ಮೇಲೆ ಮುಂದಿನ ಯೋಜನೆಗಳು ನಿಲ್ಲುತ್ತವೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲೇ ಇದೆ; ಕನ್ನಡದಲ್ಲಿಯೇ ರೂಪುಗೊಂಡ ಭಾಷಾಪರೀಕ್ಷೆಗಳು ಇವೆ. ರಜೆಯಲ್ಲಿ ಊರಿಗೆ ಹೋದಾಗ ಮಗುವಿನ ಕನ್ನಡವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ, ವರದಿಯನ್ನು ಇಲ್ಲಿನ ಚಿಕಿತ್ಸಕರಿಗೆ ಕೊಡುವುದು ಜಾಣತನ.

ಚೆನ್ನೈ ಈ ಕ್ಷೇತ್ರದಲ್ಲಿ ಬಡ ಊರಲ್ಲ. ತಿರುಮಯಿಲೈ ನಿಲ್ದಾಣದಿಂದ ರೈಲಿನಲ್ಲಿ ಮೂರನೆಯದು ಕೋಟ್ಟೂರುಪುರಂ. ಪೂನಂ ನಟರಾಜನ್ 1985ರಲ್ಲಿ ಆರಂಭಿಸಿದ, ಇಂದು ವಿದ್ಯಾಸಾಗರ್ ಎಂಬ ಹೆಸರಿನ ಸಂಸ್ಥೆ ಇರುವುದು ಅಲ್ಲಿಯೇ. ಮಾತು ಬಾರದ ಮಕ್ಕಳು ಚಿತ್ರ ಒತ್ತಿ ಮಾತನಾಡುವ 'ಆವಾಜ್' ಸಾಧನವನ್ನು ಅಜಿತ್ ನಾರಾಯಣನ್ ರೂಪಿಸಿದ್ದು ಈ ಸಂಸ್ಥೆಯ ಮಕ್ಕಳ ಒಡನಾಟದಲ್ಲಿ. ಸಾಧನ ಯಾವುದೇ ಇರಲಿ, ರಟ್ಟಿನ ಹಾಳೆಯೇ ಇರಲಿ, ಅದರಲ್ಲಿ ಸಾರು, ಅಜ್ಜಿ, ಉಯ್ಯಾಲೆ ಇರಬೇಕು. ಇವನ್ನು ತುಂಬಬೇಕಾದವರು ನಾವು.

ಕಾನೂನೂ ಕೈಕಟ್ಟಿ ಕುಳಿತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ವೆಚ್ಚದಲ್ಲಿ ಚಿಕಿತ್ಸಾಭ್ಯಾಸಗಳನ್ನೂ ಒಳಗೊಳ್ಳುತ್ತದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ತಾಯಿಗೆ 730 ದಿನಗಳ ಶಿಶುಪಾಲನಾ ರಜೆಯಿದೆ. ಒಂಟಿ ತಂದೆಗೂ ಇದೆ. ಹೆಂಡತಿಯಿರುವ ತಂದೆಗೆ ಇಲ್ಲ. ಇದು ನನ್ನ ಇಲಾಖೆಗಳ ಬಗೆಗೆ ನನ್ನ ತಕರಾರು: ಅಂಗವಿಕಲ ಮಗುವಿನ ಆರೈಕೆ ತಾಯಿಯೊಬ್ಬಳದೇ ಎಂದು ನಿಯಮವೇ ನಂಬಿದಂತಿದೆ.

ನಮ್ಮಂಥ ಸಾಹಿತ್ಯಕೂಟಗಳು ಭಾಷೆ ಉಳಿಸುವ ಮಾತನ್ನು ವೇದಿಕೆಯಲ್ಲಿ ಬಹಳ ಆಡುತ್ತವೆ. ಉಳಿಸಲು ಇಲ್ಲೊಂದು ನಿಜವಾದ ಜಾಗವಿದೆ. ಶಿಶುಪ್ರಾಸಗಳನ್ನು ನಿಧಾನವಾಗಿ, ಸ್ಪಷ್ಟವಾಗಿ ಓದಿ ಧ್ವನಿಮುದ್ರಿಸಬಹುದು. ದಿನಬಳಕೆಯ ನೂರು ಪದಗಳಿಗೆ ಚಿತ್ರ ಜೋಡಿಸಿ, ಪಕ್ಕದಲ್ಲಿ ತಮಿಳು ಪದ ಬರೆದು ಚಿಕಿತ್ಸಕರ ಕೈಗಿಡಬಹುದು. ವಾರಕ್ಕೊಂದು ಸಂಜೆ ಅಂಥದೊಂದು ಮನೆಗೆ ಹೋಗಿ ಮಗುವಿಗೆ ಕಥೆ ಹೇಳಬಹುದು; ಆ ಹೊತ್ತಿನಲ್ಲಿ ತಾಯಿ ಕಪಾಲೀಶ್ವರನ ಗುಡಿಗೋ ಗೆಳತಿಯ ಮನೆಗೋ ಹೋಗಿಬರಲಿ. ಮಗು ಆಡುವ ಮೊದಲ ಪದ ಯಾವ ಭಾಷೆಯದಾದರೂ ಸಂತೋಷವೇ. ಅದಕ್ಕಾಗಿ ಮನೆಯವರು ಮೌನ ವಹಿಸಬೇಕೆಂಬ ಷರತ್ತನ್ನು ಮಾತ್ರ ಒಪ್ಪದಿರೋಣ.