ಗಂಟಲಲ್ಲಿ ಹುಟ್ಟಿ ಹೃದಯಕ್ಕೆ ಇಳಿಯುವ ಜ್ವರ

ಶಾಲೆಯಿಂದ ಬಂದ ಮಗು ಗಂಟಲು ನೋವೆನ್ನುತ್ತದೆ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಕಷಾಯ ಕುಡಿದು, ಒಂದೆರಡು ಜ್ವರದ ಮಾತ್ರೆ ನುಂಗಿದರೆ ನಾಲ್ಕು ದಿನದಲ್ಲಿ ನೋವು ಮಾಯ. ಮನೆಮಂದಿ ಅದನ್ನು ಮರೆತೂ ಬಿಡುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ಅದೇ ಮಗುವಿಗೆ ಮತ್ತೆ ಜ್ವರ. ಮಂಡಿ ಊದಿ, ಮುಟ್ಟಿದರೆ ಕಿರುಚುವಂಥ ನೋವು. ಮಂಡಿಯ ನೋವು ಇಳಿಯುವಷ್ಟರಲ್ಲಿ ಪಾದದ ಕೀಲು, ಆಮೇಲೆ ಮೊಣಕೈ. ಆಟದಲ್ಲಿ ಪೆಟ್ಟು ಬಿದ್ದಿರಬೇಕೆಂದು ಹಿರಿಯರು ಎಣ್ಣೆ ತಿಕ್ಕುತ್ತಾರೆ. ಕೀಲುನೋವು ತಾನಾಗಿಯೇ ಹೋಗುತ್ತದೆ. ಆದರೆ ಅಷ್ಟರೊಳಗೆ ರೋಗ ಹೃದಯವನ್ನು ಮುಟ್ಟಿರಬಹುದು.

ಇದೇ ರುಮ್ಯಾಟಿಕ್ ಜ್ವರ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳನ್ನು ಕಾಡುವ ರೋಗ.

ಗುರುತು ತಪ್ಪಿದ ಕಾವಲುಗಾರ

ಗಂಟಲಿಗೆ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಒಂದು. ಇದರ ಮೈಮೇಲೆ 'ಎಂ ಪ್ರೋಟೀನ್' ಎಂಬ ವಸ್ತುವಿದೆ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ತೊಂದರೆ ಇರುವುದು ಇಲ್ಲಿಯೇ. ಈ ಪ್ರೋಟೀನಿನ ರಚನೆ ನಮ್ಮ ಹೃದಯದ ಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನನ್ನು ಹೋಲುತ್ತದೆ. ಕಳ್ಳನ ಹಾಗೆ ಕಾಣುವ ಮನೆಯವನನ್ನೇ ಕಾವಲುಗಾರ ಬಡಿಯುವಂತೆ, ಕೆಲವು ಮಕ್ಕಳಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನದೇ ಹೃದಯ, ಕೀಲು, ಚರ್ಮ, ಮಿದುಳುಗಳ ಮೇಲೆ ತಿರುಗಿಬೀಳುತ್ತದೆ. ಗಂಟಲು ನೋವು ಬಂದವರಿಗೆಲ್ಲ ಹೀಗಾಗುವುದಿಲ್ಲ. ಅನುವಂಶೀಯ ಒಲವಿರುವ ಕೆಲವರಿಗೆ ಮಾತ್ರ.

ಕೀಲುಗಳು ಪೂರ್ತಿ ಗುಣವಾಗುತ್ತವೆ. ಹೃದಯದ ಕವಾಟಗಳು ಹಾಗಲ್ಲ. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ಮೈಟ್ರಲ್ ಕವಾಟಕ್ಕೆ ಪೆಟ್ಟು ಹೆಚ್ಚು. ಜ್ವರ ಮರುಕಳಿಸಿದಂತೆಲ್ಲ ಕವಾಟ ದಪ್ಪವಾಗಿ, ಅಂಟಿಕೊಂಡು, ಕಿರಿದಾಗುತ್ತದೆ ಅಥವಾ ಸೋರುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಇದು ಮೊದಲು ಗೊತ್ತಾಗುವುದು ಬಸುರಿಯಾಗಿ ಉಸಿರು ಕಟ್ಟಿದಾಗ!

ಅಗ್ಗದ ಮದ್ದು

ತಡೆಯುವ ದಾರಿ ಮಾತ್ರ ಸರಳ. ಅಮೆರಿಕದ ವಯೋಮಿಂಗ್ ರಾಜ್ಯದ ವಾರನ್ ಸೇನಾನೆಲೆಯಲ್ಲಿ ಗಂಟಲು ಸೋಂಕಿದ್ದ ಸೈನಿಕರ ಮೇಲೆ ನಡೆದ ಅಧ್ಯಯನ 1950ರಲ್ಲಿ ಪ್ರಕಟವಾಯಿತು. ಪೆನಿಸಿಲಿನ್ ಪಡೆಯದ ಸುಮಾರು 800 ಮಂದಿಯಲ್ಲಿ 17 ಜನರಿಗೆ ರುಮ್ಯಾಟಿಕ್ ಜ್ವರ ಬಂದರೆ, ಪಡೆದ ಅಷ್ಟೇ ಮಂದಿಯಲ್ಲಿ ಬಂದದ್ದು ಇಬ್ಬರಿಗೆ ಮಾತ್ರ. ಈ ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ.

ಲಸಿಕೆ ಏಕಿಲ್ಲ?

ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಎಂ ಪ್ರೋಟೀನಿನಿಂದ ತಯಾರಿಸಿದ ಲಸಿಕೆಯೊಂದನ್ನು ರುಮ್ಯಾಟಿಕ್ ರೋಗಿಗಳ ಒಡಹುಟ್ಟಿದ 21 ಮಕ್ಕಳಿಗೆ ಕೊಡಲಾಯಿತು. ಅವರಲ್ಲಿ ಮೂವರಿಗೆ ಮುಂದೆ ರುಮ್ಯಾಟಿಕ್ ಜ್ವರ ಕಾಣಿಸಿಕೊಂಡಿತು. ಕಾರಣ ಲಸಿಕೆಯೋ, ಆಮೇಲೆ ತಗುಲಿದ ಸೋಂಕೋ ಎಂಬುದು ಇತ್ಯರ್ಥವಾಗಲಿಲ್ಲ. ಆದರೂ ಅಮೆರಿಕ ಸರ್ಕಾರ 1979ರಲ್ಲಿ ಇಂಥ ಲಸಿಕೆಗಳನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 2006ರಲ್ಲಿ. ಹೃದಯವನ್ನು ಹೋಲುವ ಭಾಗವನ್ನು ಬಿಟ್ಟು ಲಸಿಕೆ ತಯಾರಿಸುವ ಯತ್ನ ಈಗ ನಡೆದಿದೆ.

ಇದನ್ನೋದಿ ಮಕ್ಕಳಿಗೆ ಹಾಕಿಸುವ ಲಸಿಕೆಗಳಿಗೆ ಹೆದರಬೇಕಿಲ್ಲ. ಅವುಗಳಲ್ಲಿ ಯಾವುದರಲ್ಲೂ 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಇಲ್ಲ. ನ್ಯುಮೋಕಾಕಸ್ ಲಸಿಕೆ ಇದರ ದೂರದ ಬಂಧುವಿಗೆ ಸಂಬಂಧಿಸಿದ್ದು. ಸಂಶಯದ ಕಾರಣಕ್ಕೇ ಇಂಥ ಲಸಿಕೆಗಳನ್ನು ದಶಕಗಳ ಕಾಲ ನಿಷೇಧಿಸಿದರೆಂಬುದೇ ಲಸಿಕೆಗಳ ವಿಷಯದಲ್ಲಿ ಎಷ್ಟು ಎಚ್ಚರವಿದೆ ಎಂಬುದಕ್ಕೆ ಸಾಕ್ಷಿ.

ತಂದೆತಾಯಂದಿರಿಗೆ

ನೆಗಡಿ, ಕೆಮ್ಮಿನೊಡನೆ ಬರುವ ಗಂಟಲು ನೋವು ಬಹುಪಾಲು ವೈರಸ್‌ನದು. ಅದಕ್ಕೆ ಪೆನಿಸಿಲಿನ್ ಬೇಡ. ಕೆಮ್ಮಿಲ್ಲದೆ ಹಠಾತ್ತನೆ ಜ್ವರ, ನುಂಗಲಾರದ ನೋವು, ಕತ್ತಿನಲ್ಲಿ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಮಚ್ಚೆ ಕಂಡರೆ ವೈದ್ಯರಿಗೆ ತೋರಿಸಿ. ಅವರು ಹತ್ತು ದಿನದ ಮಾತ್ರೆ ಬರೆದರೆ ಹತ್ತು ದಿನವೂ ಕೊಡಿ. ಮೂರನೆಯ ದಿನ ಮಗು ಆಡತೊಡಗಿತೆಂದು ನಿಲ್ಲಿಸಬೇಡಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ಅಥವಾ ನಾಲ್ಕು ವಾರಕ್ಕೊಂದು ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಬೇಕು. ಕನಿಷ್ಠ ಐದು ವರ್ಷ. ಹೃದಯಕ್ಕೆ ಪೆಟ್ಟಾಗಿದ್ದರೆ ಇನ್ನೂ ಹೆಚ್ಚು ಕಾಲ. ಸೂಜಿ ನೋಯುತ್ತದೆ, ಮಗು ಅಳುತ್ತದೆ, ಪರೀಕ್ಷೆಯ ದಿನವೇ ಸರದಿ ಬರುತ್ತದೆ. ಆದರೂ ತಪ್ಪಿಸಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಡಿ. ಹಾಳಾದ ಕವಾಟಕ್ಕೆ ಮಾಡಿಸುವ ಶಸ್ತ್ರಚಿಕಿತ್ಸೆಯ ಮುಂದೆ ಈ ಸೂಜಿಯ ನೋವು ಏನೇನೂ ಅಲ್ಲ.